ತೊವ್ವೆ ಇಲ್ಲದ ಎಲೆ

ಅಡುಗೆಯವನ ಮನೆಯಲ್ಲಿ ಹಸಿವೆ ಎಂಬುದು ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. "ಭಟ್ರೇ, ನಿಮಗೆಂತ ಚಿಂತೆ, ವರ್ಷ ಇಡೀ ಮದುವೆ ಊಟ" ಎಂದು ಯಾರಾದರೂ ತಮಾಷೆ ಮಾಡಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ಸಾವಿರ ಎಲೆಗೆ ತೊವ್ವೆ ಬೇಯಿಸುತ್ತಿದ್ದವನು ಹಿಡಿ ಬೇಳೆಯಿಲ್ಲದೆ ಸಾಯುವುದರಲ್ಲಿದ್ದ ಎಂದರೆ ಅವರು ನಂಬುವುದಿಲ್ಲ. ಒಬ್ಬೊಬ್ಬರನ್ನೇ ಕೂರಿಸಿ ನಂಬಿಸುವ ತಾಳ್ಮೆ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಕಾಪುವಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ನಮ್ಮದು ಹಂಚಿನ ಸಣ್ಣ ಬಾಡಿಗೆ ಮನೆ. ಮನೆಯಲ್ಲಿ ಮೂವರು: ನಾನು, ಕಟಪಾಡಿಯ ಶಾಲೆಯೊಂದರಲ್ಲಿ ಟೀಚರಾಗಿದ್ದ ಹೆಂಡತಿ ಸುಮತಿ, ಮತ್ತು ನನ್ನ ಅಮ್ಮ. ಅಪ್ಪ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅವರೂ ಅಡುಗೆಯವರೇ. ಸೌಟು ನನಗೆ ಅಪ್ಪನಿಂದ ಬಂತು, ಮೂಗು ಅಮ್ಮನಿಂದ. ದೇವರಿಗೆ ಇಡುವ ಮೊದಲು ರುಚಿ ನೋಡುವ ಹಾಗಿಲ್ಲವಲ್ಲ, ಅಮ್ಮ ಹಬೆಯ ವಾಸನೆಯಲ್ಲೇ ಉಪ್ಪು ಸಾಕೋ ಸಾಲದೋ ಹೇಳುತ್ತಿದ್ದರು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಆ ಬೇಸಿಗೆಯಲ್ಲಿ ಕಾರ್ಕಳದ ಕಡೆ ಒಂದು ಮದುವೆಯ ಅಡುಗೆ ಒಪ್ಪಿಕೊಂಡಿದ್ದೆ. ಬಾವಿ ಬತ್ತಿ ತಳ ಕಾಣುತ್ತಿತ್ತು. ಎಲ್ಲಿಂದಲೋ ಡ್ರಮ್ಮಿನಲ್ಲಿ ನೀರು ತಂದು ಸುರಿದರು. ಅಡುಗೆಗಾದರೆ ನೀರು ಕುದಿಯುತ್ತದೆ. ಒಲೆಯ ಮುಂದೆ ಬೆಂದವರು ಕುದಿಸಿ ಆರಿಸಿ ಕುಡಿಯುವಷ್ಟು ಕಾಯುತ್ತಾರೆಯೇ? ಚೊಂಬು ಎತ್ತಿ ಕುಡಿದೆವು. ಆಮೇಲೆ ಕೆಲವು ವಾರಗಳಲ್ಲಿ ನಮ್ಮ ತಂಡದ ಅರ್ಧಕ್ಕರ್ಧ ಜನ ಮಲಗಿದರು. ನನ್ನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡದ್ದು ಸುಮತಿ. ಕಾಮಾಲೆ.

ನಮ್ಮ ಸೀಮೆಯಲ್ಲಿ ಕಾಮಾಲೆಗೆ ಮದ್ದು ಕೊಡುವವರು ಊರಿಗೊಬ್ಬರಿದ್ದಾರೆ. ಎಲ್ಲೂರಿನ ಹತ್ತಿರದ ವೈದ್ಯರೊಬ್ಬರು ನೆಲನೆಲ್ಲಿ ಅರೆದು ಕೊಟ್ಟರು. ಪಥ್ಯ ಹೇಳಿದರು: ಎಣ್ಣೆ ಬೇಡ, ಹುಳಿ ಬೇಡ, ಬೇಳೆ ಹೊಟ್ಟೆಗೆ ಭಾರ, ಅದೂ ಬೇಡ. ಕುಚ್ಚಲಕ್ಕಿ ಗಂಜಿ ಮತ್ತು ಮಜ್ಜಿಗೆ. ಅವರ ಬಗ್ಗೆ ನನಗೆ ದೂರಿಲ್ಲ. ಕಣ್ಣಿನ ಹಳದಿ ಹೋದ ಮೇಲೆ "ಇನ್ನು ನಿಧಾನಕ್ಕೆ ಮಾಮೂಲಿ ಊಟಕ್ಕೆ ಬನ್ನಿ" ಎಂದು ಅವರೇ ಹೇಳಿದ್ದರು. ಆದರೆ ಅಷ್ಟರಲ್ಲಿ ನೋಡಲು ಬಂದವರೆಲ್ಲ ಒಂದೊಂದು ಕಥೆ ಬಿಟ್ಟು ಹೋಗಿದ್ದರು. ಯಾರದೋ ಭಾವ ಪಥ್ಯ ಮುರಿದು ಹಪ್ಪಳ ತಿಂದನಂತೆ, ಕಾಮಾಲೆ ಮರುಕಳಿಸಿತಂತೆ, ಎಂಟೇ ದಿನವಂತೆ. ಅಮ್ಮ ಅವನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದರು.

"ಇನ್ನು ಸ್ವಲ್ಪ ಸಮಯ ಪಥ್ಯ ಮಾಡುವ ರಾಘು," ಎಂದರು. "ಬೇಳೆ ತಿನ್ನದೆ ಯಾರೂ ಸತ್ತದ್ದಿಲ್ಲ."

ಮಳೆ ಹಿಡಿಯಿತು, ಅದರ ಜೊತೆಗೆ ಚಾತುರ್ಮಾಸ್ಯ ಬಂತು. ನಮ್ಮವರ ವ್ರತ ಗೊತ್ತಿಲ್ಲದವರಿಗೆ ಒಂದು ಮಾತು: ನಾಲ್ಕು ತಿಂಗಳು, ತಿಂಗಳಿಗೊಂದು ವಸ್ತು ಬಿಡಬೇಕು. ಮೊದಲ ತಿಂಗಳು ತರಕಾರಿ, ಎರಡನೆಯದರಲ್ಲಿ ಮೊಸರು, ಮೂರರಲ್ಲಿ ಹಾಲು, ಕೊನೆಯದು ದ್ವಿದಳ, ಎಂದರೆ ಬೇಳೆಕಾಳು. ಈ ನಾಲ್ಕೂ ತಿಂಗಳು ದೇವಸ್ಥಾನಗಳಲ್ಲಿ ಅಡುಗೆ ಮಾಡಿದವನು ನಾನು. ಒಂದು ಹೋದಾಗ ಇನ್ನೊಂದು ಇರುತ್ತದೆ. ಮೊಸರಿಲ್ಲದಿದ್ದರೆ ಬೇಳೆಯುಂಟು, ಬೇಳೆಯಿಲ್ಲದ ತಿಂಗಳು ಹಾಲು ಮೊಸರು ಎರಡೂ ಉಂಟು. ಇದನ್ನು ಕಟ್ಟಿದವರು ಮೂರ್ಖರಲ್ಲ. ಆದರೆ ಪಥ್ಯದವನು ವ್ರತವನ್ನೂ ಹಿಡಿದರೆ ಏನಾಗುತ್ತದೆ ಎಂದು ಅವರೂ ಯೋಚಿಸಿರಲಿಕ್ಕಿಲ್ಲ. ಪಥ್ಯವೆಂದು ಬೇಳೆ ಮೊದಲೇ ಹೋಗಿತ್ತು. ಮೊಸರಿನ ತಿಂಗಳಲ್ಲಿ ಅಮ್ಮ ಮಜ್ಜಿಗೆಯನ್ನೂ ನಿಲ್ಲಿಸಿದರು, ಹಾಲಿನ ತಿಂಗಳಲ್ಲಿ ಹಾಲು ಹೋಯಿತು, ಹಾಲಿನಿಂದಾದದ್ದೆಂದು ಮಜ್ಜಿಗೆಯೂ ವಾಪಸು ಬರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಗಾದೆ. ನಮ್ಮಲ್ಲಿ ಎರಡೂ ಸೇರಿ ನೀರಿಗೇ ಎಳೆದವು. ನನಗೆ ಉಳಿದದ್ದು ಗಂಜಿ, ಉಪ್ಪಿನ ಹರಳು ಮತ್ತು ಒಮ್ಮೊಮ್ಮೆ ಬಾಳೆಹಣ್ಣು.

ನಾನು ಯಾಕೆ ಒಪ್ಪಿದೆ ಎಂದು ಸುಮತಿ ಆಮೇಲೆ ಬಹಳ ಸಲ ಕೇಳಿದಳು. ರೋಗಿಯಾಗಿ ಮಲಗಿದವನಿಗೆ ಒಪ್ಪುವುದು, ಬಿಡುವುದು ಎಂಬುದೆಲ್ಲ ಇರುವುದಿಲ್ಲ. ತಟ್ಟೆಯಲ್ಲಿ ಬಂದದ್ದನ್ನು ಉಣ್ಣುತ್ತಾನೆ. ಅದೂ ಬಡಿಸುವ ಕೈ ಅಮ್ಮನದಾದರೆ ಕೇಳುವುದೇ ಬೇಡ.

ನವರಾತ್ರಿಯ ಹೊತ್ತಿಗೆ ಚಪ್ಪಲಿಯ ಬಾರು ಪಾದದೊಳಗೆ ಹೂತುಕೊಳ್ಳತೊಡಗಿತು. ಮುಖ ಬೆಳಿಗ್ಗೆ ಊದಿಕೊಂಡಿರುತ್ತಿತ್ತು. ನೋಡಿದವರು "ಓ, ಭಟ್ರು ದಪ್ಪ ಆಗಿದ್ದಾರೆ, ಗುಣ ಆಯಿತು ಅಲ್ವಾ" ಎನ್ನುತ್ತಿದ್ದರು. ಶಿಖೆ ಬಾಚಿದರೆ ಕೂದಲು ಬಾಚಣಿಗೆಯ ಜೊತೆಗೇ ಬರುತ್ತಿತ್ತು. ಮೊಣಕೈ ಹತ್ತಿರ ಚರ್ಮ ಹಳೆಯ ಸುಣ್ಣದ ಹಾಗೆ ಎದ್ದು ಉದುರಿತು. ಒಂದು ಸಣ್ಣ ಪೂಜೆಯ ಊಟಕ್ಕೆ ಅಡುಗೆ ಮಾಡಲು ಹೋದವನು ಕೊಪ್ಪರಿಗೆಯಲ್ಲಿ ಹುಳಿ ತಿರುವಲಾರದೆ ಸಟ್ಟುಗವನ್ನು ಅಲ್ಲೇ ಬಿಟ್ಟು ನೆಲದ ಮೇಲೆ ಕೂತೆ. ಎದುರಿಗೆ ತೊಗರಿಬೇಳೆ ಕುದಿಯುತ್ತಿತ್ತು. ನನಗೆ ಅದರ ವಾಸನೆಯೇ ಬರಲಿಲ್ಲ.

ಅಮ್ಮನಿಗೆ ಊತ ಕಂಡದ್ದೇ ಭಯ ಹೆಚ್ಚಿತು. ಕಾಮಾಲೆ ನೀರಾಗಿ ಮೈಗಿಳಿದಿದೆ ಎಂದು ಯಾರೋ ಹೇಳಿದರು. ನೀರು ತುಂಬಿದ ಮೈಗೆ ಉಪ್ಪು ಆಗದು, ಹಾಲು ಆಗದು. ಹಾಗಾಗಿ ದ್ವಿದಳದ ತಿಂಗಳಲ್ಲಿ ವಾಪಸು ಬರಬೇಕಾಗಿದ್ದ ಹಾಲು ಮೊಸರು ಬರಲಿಲ್ಲ. ಉಪ್ಪೂ ಹೋಯಿತು. ಊತ ಹೆಚ್ಚಿದಷ್ಟೂ ಪಥ್ಯ ಬಿಗಿಯಾಯಿತು, ಪಥ್ಯ ಬಿಗಿಯಾದಷ್ಟೂ ಊತ ಹೆಚ್ಚಿತು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಊಟವನ್ನು ನಮ್ಮ ಮನೆಗಿಂತ ಬಲ್ಲವರು ಆ ಸುತ್ತಿನಲ್ಲಿ ಯಾರಿದ್ದರು ಹೇಳಿ.

ದೀಪಾವಳಿ ಕಳೆದ ಮರುದಿನ ಸುಮತಿ ಸೀರೆ ಉಟ್ಟು ಚೀಲ ಹಿಡಿದು ಹೊರಬಾಗಿಲಲ್ಲಿ ನಿಂತಳು. ಅವಳು ಗಟ್ಟಿಯಾಗಿ ಮಾತಾಡುವವಳಲ್ಲ.

"ಅತ್ತೆ, ಇವತ್ತು ಇವರನ್ನು ಮಣಿಪಾಲಕ್ಕೆ ಕರಕೊಂಡು ಹೋಗ್ತೇನೆ. ನೀವು ಬರುವುದಾದರೆ ಬನ್ನಿ. ಬೇಡ ಅಂತ ಮಾತ್ರ ಹೇಳಬೇಡಿ."

ಅಮ್ಮ ಒಳಗೆ ಹೋಗಿ, ದೇವರ ಮುಂದೆ ಸ್ವಲ್ಪ ಹೊತ್ತು ನಿಂತು, ಬಂದರು.

ಮಣಿಪಾಲದ ಆಸ್ಪತ್ರೆಯ ಆ ಉದ್ದದ ಬೆಂಚು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಹೆಸರು ಕೂಗುವುದನ್ನು ಕಾಯುತ್ತ ಕೂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ, ಇವನಿಗಿಂತ ನಾನು ವಾಸಿ ಎಂದುಕೊಳ್ಳುವ ಜಾಗ ಅದು. ನನ್ನನ್ನು ನೋಡಿದ ಒಬ್ಬಾಕೆ ಮಗುವಿನ ಮುಖವನ್ನು ಆಚೆ ತಿರುಗಿಸಿದಳು. ಲಿವರ್ ಹೋಗಿದೆ, ಕಿಡ್ನಿ ಹೋಗಿದೆ, ಇಲ್ಲವೇ ಹೆಸರು ಹೇಳಲೂ ಹೆದರುವ ಆ ಇನ್ನೊಂದು ಬಂದಿದೆ ಎಂದು ನಾನು ಮನಸ್ಸಿನಲ್ಲೇ ಒಂದೊಂದನ್ನೂ ಅನುಭವಿಸುತ್ತಿದ್ದೆ. ಸುಮತಿಗೆ ವಯಸ್ಸೆಷ್ಟು, ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯೋಚಿಸಿದಾಗ ಅಲ್ಲೇ ಅಳು ಬಂದು ಅತ್ತುಬಿಟ್ಟೆ. ಯಾರೂ ತಿರುಗಿ ನೋಡಲಿಲ್ಲ. ಅಲ್ಲಿ ಅಳುವುದು ವಿಶೇಷವಲ್ಲ.

ಡಾಕ್ಟರು ನಡುವಯಸ್ಸಿನವರು. ಮೊದಲ ಪ್ರಶ್ನೆಯೇ "ಕುಡೀತೀರಾ?" ಎಂದು.

ಅಮ್ಮನಿಗೆ ರೇಗಿತು. "ಎಂತ ಕೇಳ್ತೀರಿ ನೀವು? ದೇವಸ್ಥಾನದಲ್ಲಿ ಅಡುಗೆ ಮಾಡುವವನು ಅವನು!"

ಡಾಕ್ಟರು ನಕ್ಕು, ಬಗ್ಗಿ, ನನ್ನ ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಇತ್ತು. ಹೋಳಿಗೆಯ ಕಣಕ ನಾದಿದ ಮೇಲೆ ನಾನು ಹೀಗೇ ಒತ್ತಿ ನೋಡುವುದು. ಹದ ಬಂದ ಹಿಟ್ಟು ಮೇಲೆ ಬರುತ್ತದೆ. ನನ್ನ ಕಾಲು ಬರಲಿಲ್ಲ.

ವಾರ್ಡಿಗೆ ಹಾಕಿದರು. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನು ಎಲ್ಲ ಆಯಿತು. ಪ್ರತಿಯೊಂದರ ಉತ್ತರಕ್ಕೂ ಕಾಯಬೇಕಿತ್ತು. ಕಿಡ್ನಿ ಸರಿಯಿದೆ ಎಂದರು. ಲಿವರ್ ಕಾಮಾಲೆಯಿಂದ ಚೇತರಿಸಿಕೊಂಡಿದೆ ಎಂದರು. ಹೃದಯವೂ ಸರಿ. ಎಲ್ಲ ಸರಿ ಎಂದಷ್ಟೂ ನನಗೆ ಹೆಚ್ಚು ಭಯವಾಯಿತು. ಹೆಸರಿಲ್ಲದ ರೋಗ ಎಂದರೆ ಮದ್ದಿಲ್ಲದ ರೋಗ ಎಂದುಕೊಂಡೆ. ಕೊನೆಗೆ ಡಾಕ್ಟರು ಮಂಚದ ಪಕ್ಕ ಕೂತು ಕೇಳಿದರು: "ದಿನಾ ಊಟಕ್ಕೆ ಎಂತ ಮಾಡ್ತೀರಿ?"

ಉತ್ತರ ಹೇಳಿದ್ದು ಅಮ್ಮ. ಸೆರಗು ಸರಿ ಮಾಡಿಕೊಂಡು, ಹೆಮ್ಮೆಯಿಂದ, ಒಂದೂ ಬಿಡದೆ ಹೇಳಿದರು. ಬೇಸಿಗೆಯಿಂದ ಬೇಳೆ ಒಂದು ಕಾಳು ಕೊಟ್ಟಿಲ್ಲ. ಮೊಸರಿಲ್ಲ, ಹಾಲಿಲ್ಲ, ಎಣ್ಣೆಯಿಲ್ಲ. ಈಗ ಉಪ್ಪೂ ಇಲ್ಲ. "ಒಂದು ದಿನವೂ ಪಥ್ಯ ತಪ್ಪಿಸಿಲ್ಲ ಡಾಕ್ಟ್ರೇ, ಬೇಕಾದರೆ ಅವನನ್ನೇ ಕೇಳಿ."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಸುಮತಿಯನ್ನು ನೋಡಿದರು, ನನ್ನನ್ನು ನೋಡಿದರು. ಅಮ್ಮನನ್ನು ಮಾತ್ರ ನೋಡಲಿಲ್ಲ.

ಮಧ್ಯಾಹ್ನ ಆಹಾರದ ಬಗ್ಗೆ ಹೇಳುವ ಮೇಡಮ್ ಬಂದರು. ಚಿಕ್ಕ ವಯಸ್ಸು, ಕಾರ್ಕಳದವರಂತೆ. ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದಿಷ್ಟು. ಮಾಂಸ, ರಕ್ತ, ಕೂದಲು, ಚರ್ಮ ಎಲ್ಲವೂ ಪ್ರೋಟೀನಿನಿಂದ ಆದದ್ದು, ಪ್ರೋಟೀನು ಅಮೈನೋ ಆಮ್ಲ ಎಂಬ ಚೂರುಗಳಿಂದ. ಹೆಚ್ಚಿನ ಚೂರುಗಳನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ಒಂಬತ್ತನ್ನು ಮಾತ್ರ ಮಾಡಿಕೊಳ್ಳಲಾರದು, ಊಟದಲ್ಲೇ ಬರಬೇಕು. ಅಕ್ಕಿಯಲ್ಲಿ ಅವುಗಳಲ್ಲಿ ಒಂದು ಬಹಳ ಕಡಿಮೆ, ಲೈಸಿನ್. ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಇನ್ನೊಂದು ಅಕ್ಕಿಯಲ್ಲಿ ಉಂಟು. ಹಾಲು ಮೊಸರಿನಲ್ಲಿ ಎಲ್ಲವೂ ಉಂಟು. ಒಂದು ಕಡಿಮೆ ಬಿದ್ದರೂ ಉಳಿದವು ಬಂದು ಸುಮ್ಮನೆ ಕೂರುತ್ತವೆ, ಕಟ್ಟುವ ಕೆಲಸ ನಿಲ್ಲುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಪ್ರೋಟೀನು ಇಳಿದಾಗ ನೀರು ಮೈಗೆ ಸೋರುತ್ತದೆ. ನನ್ನ ಊತ ಅದು.

ನಮ್ಮ ಪಂಕ್ತಿಯಲ್ಲೂ ಹಾಗೇ. ಎಲೆಯಲ್ಲಿ ಪಲ್ಯ, ಕೋಸಂಬರಿ, ಉಪ್ಪಿನಕಾಯಿ, ಅನ್ನ ಎಲ್ಲ ಬಡಿಸಿಯಾಗಿರುತ್ತದೆ, ಆದರೂ ತೊವ್ವೆ ತುಪ್ಪ ಬೀಳುವ ತನಕ ಯಾರೂ ಊಟ ಶುರು ಮಾಡುವುದಿಲ್ಲ. ಅನ್ನದ ಮೇಲೆ ತೊವ್ವೆ. ನನ್ನ ಜೀವಮಾನದಲ್ಲಿ ಎಷ್ಟು ಎಲೆಗೆ ಬಡಿಸಿದ್ದೇನೋ. ನನ್ನ ಮೈಯೊಳಗೆ ಆ ಚೂರುಗಳು ತಿಂಗಳುಗಟ್ಟಲೆ ಅನ್ನ ಬಡಿಸಿದ ಎಲೆ ಹಾಕಿಕೊಂಡು ತೊವ್ವೆಗೆ ಕಾಯುತ್ತ ಕೂತಿದ್ದವು ಎಂದು ತೋರಿತು.

ಅಮ್ಮ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿದ್ದರು. ಮೇಡಮ್ ಏಳುವಾಗ ಮೆಲ್ಲಗೆ ಕೇಳಿದರು: "ಹಾಗಾದರೆ ಇದು ನಾನು ಮಾಡಿದ್ದಾ?"

ಆ ಹುಡುಗಿ ಒಂದು ಕ್ಷಣವೂ ತಡಮಾಡಲಿಲ್ಲ. "ಇಲ್ಲಮ್ಮ, ಕಾಮಾಲೆ ಮಾಡಿದ್ದು. ನೀವು ಅವರನ್ನು ಉಳಿಸಿಕೊಂಡಿರಿ."

ಅದು ಸುಳ್ಳು ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅಮ್ಮನಿಗೂ. ಆದರೆ ಆ ಸುಳ್ಳಿಗಾಗಿ ನಾನು ಅವರಿಗೆ ಇವತ್ತಿಗೂ ಕೈಮುಗಿಯುತ್ತೇನೆ. ಆ ದಿನದಿಂದ ಅಮ್ಮ ಮಾತು ಕಡಿಮೆ ಮಾಡಿದರು.

ಬೇಳೆ ಸಿಕ್ಕಿತು, ಇನ್ನೇನು, ತಿಂದರೆ ಆಯಿತು ಎಂದುಕೊಳ್ಳಬೇಡಿ. ಹೊಟ್ಟೆ ಅದನ್ನು ಮರೆತಿತ್ತು. ಮೊದಲ ಸಲ ಕೊಟ್ಟ ಹೆಸರುಬೇಳೆಯ ಕಟ್ಟು ಎರಡು ಚಮಚ ಇಳಿದದ್ದೇ ವಾಂತಿಯಾಯಿತು. ಆಮೇಲೆ ಭೇದಿ. ಚೂರು ಚೂರಾಗಿ, ಮಗುವಿಗೆ ತಿನ್ನಿಸಿದ ಹಾಗೆ, ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಮೆತ್ತನೆ ಗಂಜಿ, ನೀರುಹಾಲು. ಒಂದು ದಿನ ಮಧ್ಯಾಹ್ನ ಊಟದ ಗಾಡಿ ಬರುವ ಹೊತ್ತಿಗೆ ಆಚೆ ಸಾಲಿನಲ್ಲಿದ್ದ ಒಬ್ಬರು ತೀರಿಹೋದರು. ಪರದೆ ಎಳೆದರು. ಗಾಡಿ ಪರದೆಯ ಪಕ್ಕದಿಂದ ದಾಟಿ ನನ್ನ ಮಂಚಕ್ಕೆ ಬಂತು. ನಾನು ಉಂಡೆ. ಸಾಯಬಾರದು ಎಂಬ ಒಂದೇ ಕಾರಣಕ್ಕೆ ಉಂಡೆ.

ಬೆಳಿಗ್ಗೆ ಡಾಕ್ಟರು ಬಂದವರೇ ಮೊದಲು ಕಾಲಿಗೆ ಹೆಬ್ಬೆರಳು ಒತ್ತುತ್ತಿದ್ದರು. ಅವರು ಮುಂದಿನ ಮಂಚಕ್ಕೆ ಹೋದ ಮೇಲೂ ಸುಮತಿ ಮತ್ತು ನಾನು ಆ ಗುಳಿಯನ್ನೇ ನೋಡುತ್ತ ಕೂರುತ್ತಿದ್ದೆವು, ಯಾವಾಗ ತುಂಬುತ್ತದೆ ಎಂದು. ಮೊದಮೊದಲು ಕಾದು ಕಾದು ಸಾಕಾಗುತ್ತಿತ್ತು. ಆಮೇಲೆ ಸ್ವಲ್ಪ ಬೇಗ ತುಂಬತೊಡಗಿತು. "ಇವತ್ತು ಬೇಗ ಬಂತು ಅಲ್ವಾ?" ಎನ್ನುತ್ತಿದ್ದಳು. ಆಗ ಅವಳ ಮುಖ ನೋಡಬೇಕಿತ್ತು. ಆ ವಾರ್ಡಿನಲ್ಲಿ ನಮಗಿದ್ದ ಸಂತೋಷ ಅದೊಂದೇ.

ಪಕ್ಕದ ಮಂಚದಲ್ಲಿ ಬಾಗಲಕೋಟೆ ಕಡೆಯ ಒಬ್ಬರು ಕಟ್ಟಡಕ್ಕೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದರು. ಅವರ ಹೆಂಡತಿ ನೀಲವ್ವ ವಾರ್ಡಿಗೆಲ್ಲ ಬೇಕಾದವಳು. ಅಮ್ಮ ಉಡುಪಿಯಲ್ಲಿ ನೆಂಟರ ಮನೆಯಲ್ಲಿ ಉಳಿದು, ಅಲ್ಲೇ ಮಡಿಯಲ್ಲಿ ತಮ್ಮ ಗಂಜಿ ಬೇಯಿಸಿ ಉಂಡು, ಬಸ್ಸು ಹತ್ತಿ ಬರುತ್ತಿದ್ದರು. ಬಂದವರು ಮಂಚದ ಕಾಲಬುಡದಲ್ಲಿ ನೆಲದ ಮೇಲೆ ಕೂರುತ್ತಿದ್ದರು. ಒಂದು ದಿನ ಅಮ್ಮ ಹೋದ ಮೇಲೆ ನೀಲವ್ವ ನನ್ನ ಹತ್ತಿರ ಬಂದಳು.

"ಭಟ್ರ, ನಿಮ್ಮ ಅವ್ವಾರಿಗೆ ಬಾಳೆಹಣ್ಣು, ಒಂದು ಮುಟಗಿ ಶೇಂಗಾ ಕೊಟ್ಟಿದ್ದೆ. ಹಣ್ಣು ಇಟ್ಕೊಂಡು ಶೇಂಗಾ ಹೊಳ್ಳಿ ಕೊಟ್ರು. ಯಾಕ್ರೀ, ನಾ ಕೊಟ್ಟದ್ದು ನಡ್ಯಂಗಿಲ್ಲೇನ್ರೀ?"

"ಹಾಗಲ್ಲಮ್ಮ. ದ್ವಿದಳದ ತಿಂಗಳು. ಶೇಂಗಾ ಕೂಡ ವ್ರತಕ್ಕೆ ಆಗುವುದಿಲ್ಲ."

"ಏನ್ ವ್ರತಾನೋ. ಮುದುಕಿ ಗಾಳಿಗೆ ಬೀಳೂಹಂಗ ಆಗೇತಿ," ಎಂದು ಗೊಣಗುತ್ತ ಹೋದಳು. ಕೆಲವು ದಿನಗಳಲ್ಲಿ ಉತ್ಥಾನ ದ್ವಾದಶಿ ಕಳೆಯಿತು. ವ್ರತದ ತಿಂಗಳು ಮುಗಿಯಿತು.

ನನ್ನನ್ನು ಮನೆಗೆ ಬಿಡುವ ದಿನ ಬಂತು. ಊತ ಪಾದದಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಗೋಡೆ ಹಿಡಿದು ನಡೆಯುತ್ತಿದ್ದೆ. ಸತ್ತು ಬದುಕಿದವನು ಮೊದಲು ಅಮ್ಮನಿಗೆ ನಮಸ್ಕಾರ ಮಾಡಬೇಕು ಎಂದು ಸುಮತಿಗೆ ಹೇಳಿ, ಅವಳ ಹೆಗಲು ಹಿಡಿದು ಮಂಚದಿಂದಿಳಿದೆ. ಅಮ್ಮ "ಬೇಡ ಬೇಡ, ಇಲ್ಲಿ ಬೇಡ" ಎಂದು ಹಿಂದೆ ಸರಿದರು. ನಾನು ಬಿಡಲಿಲ್ಲ. ಬಗ್ಗಿ, ಸೀರೆಯ ಅಂಚು ಸರಿಸಿ, ಎರಡೂ ಪಾದ ಹಿಡಿದೆ.

ನನ್ನ ಹೆಬ್ಬೆರಳು ಒಳಗೆ ಹೋಯಿತು.

ಕೈ ತೆಗೆದು ನೋಡಿದೆ. ಅಮ್ಮನ ಪಾದದ ಮೇಲೆ ಎರಡು ಗುಳಿಗಳಿದ್ದವು. ಸೀರೆಯನ್ನು ಇನ್ನೂ ಸ್ವಲ್ಪ ಮೇಲೆತ್ತಿದೆ. ಕಾಲು ಕಂಬದ ಹಾಗೆ ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು.

"ಅಮ್ಮ, ಎಂತ ಇದು?"

"ವಯಸ್ಸಾಯಿತಲ್ಲ ಮಾರಾಯ, ಕಾಲು ಬಾತಿದೆ. ಎಲ್ಲರಿಗೂ ಬರುತ್ತದೆ."

ಸುಮತಿ ಅಷ್ಟರಲ್ಲಿ ಡಾಕ್ಟರನ್ನು ಕರೆಯಲು ಓಡಿದ್ದಳು. ಅವರ ಮುಂದೆ ಅಮ್ಮ ನಿಜ ಹೇಳಲೇಬೇಕಾಯಿತು. ನಾನು ಕಾಮಾಲೆಯಲ್ಲಿ ಮಲಗಿದ ವಾರವೇ ಅವರು ದೇವರ ಮುಂದೆ ನಿಂತು ಹರಕೆ ಹೇಳಿಕೊಂಡಿದ್ದರಂತೆ. ಮಗ ಬಿಟ್ಟದ್ದನ್ನೆಲ್ಲ ನಾನೂ ಬಿಡುತ್ತೇನೆ. ಅವನು ಎದ್ದು, ಮಡಿಯಲ್ಲಿ ನಿಂತು ಅಡುಗೆ ಮಾಡಿ, ನಿನಗೆ ನೈವೇದ್ಯ ಇಟ್ಟು ನನಗೆ ಬಡಿಸಿದ ದಿನ ಮುಟ್ಟುತ್ತೇನೆ. ನನ್ನ ಪಥ್ಯದ ಪ್ರತಿ ದಿನ ಅಮ್ಮನದೂ ಆಗಿತ್ತು. ನಮಗೆಲ್ಲ ಬಡಿಸಿ ಕೊನೆಗೆ ಒಬ್ಬರೇ ಉಣ್ಣುವವರ ಎಲೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಯಾರಿಗೆ ಗೊತ್ತು? ನಾನಾದರೂ ಮಲಗಿ ಉಂಡೆ. ಅವರು ಬಾವಿಯಿಂದ ನೀರು ಸೇದಿ, ನನ್ನ ಬಟ್ಟೆ ಒಗೆದು, ನನ್ನನ್ನು ಎತ್ತಿ ಕೂರಿಸಿ, ಅಷ್ಟರ ಮೇಲೆ ಆ ಗಂಜಿ ಕುಡಿದವರು.

"ಅಮ್ಮ, ಇವತ್ತೇ ಇಲ್ಲೇ ಸೇರಿಕೊಳ್ಳಿ," ಎಂದರು ಡಾಕ್ಟರು. "ಈ ವಯಸ್ಸಿಗೆ ಇದು ಒಳ್ಳೆಯದಲ್ಲ."

"ಸೇರಿದರೆ ಎಂತ ಕೊಡ್ತೀರಿ? ಹಾಲು, ಬೇಳೆ. ನಾನು ಮುಟ್ಟುವ ಹಾಗಿಲ್ಲ. ಹರಕೆ ಮುಗಿಯಲಿ."

ಕಾರ್ಕಳದ ಆ ಮೇಡಮ್ ಬಂದು ಬೇಡಿಕೊಂಡರು. ಸುಮತಿ ಎಸ್‌ಟಿಡಿ ಬೂತಿನಿಂದ ನಮ್ಮ ಪುರೋಹಿತರಿಗೆ ಫೋನು ಮಾಡಿ ಕೇಳಿದಳು. ಪ್ರಾಯಶ್ಚಿತ್ತ ಉಂಟು, ಬಿಡಬಹುದು ಎಂದು ಅವರು ಹೇಳಿದರು. ಅಮ್ಮ ಅದಕ್ಕೂ ತಲೆಯಾಡಿಸಲಿಲ್ಲ.

"ಕೇಳಿದ್ದನ್ನು ಅವನು ಕೊಟ್ಟಿದ್ದಾನೆ. ಈಗ ನಾನು ದೇವರ ಹತ್ತಿರ ಚೌಕಾಸಿ ಮಾಡುವುದಾ?"

ನನಗೆ ಎಂಥ ಸಿಟ್ಟು ಬಂತೆಂದರೆ, ಆ ದೇವರ ಮೇಲೂ ಬಂತು. ಆದರೆ ಮಾಡಬೇಕಾದದ್ದು ಒಂದೇ ಇತ್ತು: ನಾನು ನಿಲ್ಲಬೇಕು, ಅಡುಗೆ ಮಾಡಬೇಕು. ಡಾಕ್ಟರು ಅಮ್ಮನಿಗೆ ಬರೆದುಕೊಟ್ಟದ್ದನ್ನು ಸುಮತಿ ಚೀಲದಲ್ಲಿಟ್ಟುಕೊಂಡಳು. ಟ್ಯಾಕ್ಸಿ ಮಾಡಿಕೊಂಡು ಕಾಪುವಿಗೆ ಬಂದೆವು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮಡಿಯುಟ್ಟು ಒಲೆಯ ಮುಂದೆ ನಿಂತೆ. ಸುಮತಿ ಕುರ್ಚಿ ತಂದಿಟ್ಟಳು. ಅಮ್ಮ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದವರು "ನಿಂತು ಅಂತ ಹೇಳಿಕೊಂಡದ್ದು" ಎಂದರು. ಸುಮತಿ ಕುರ್ಚಿ ತೆಗೆದಳು. ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಬಲಗೈಯಲ್ಲಿ ಹೆಸರುಬೇಳೆ ತೊಳೆದೆ. ಒಂದು ಪಾವಿನಷ್ಟೂ ಇಲ್ಲ. ದೊಡ್ಡ ದೊಡ್ಡ ಸಮಾರಾಧನೆಗೆ ಕೊಪ್ಪರಿಗೆ ಇಳಿಸಿದ ಕೈಗೆ ಆ ಸಣ್ಣ ಪಾತ್ರೆ ಭಾರವಾಯಿತು. ತೊಡೆ ನಡುಗುತ್ತಿತ್ತು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅನ್ನ ಆಯಿತು. ತೊವ್ವೆ ಕುದಿಯಿತು. ಹಬೆ ಎದ್ದಾಗ ಹೊಸ್ತಿಲಿನಿಂದ ಅಮ್ಮನ ದನಿ ಬಂತು.

"ಉಪ್ಪು ಹಾಕಿಲ್ಲ ಅಲ್ವಾ?"

"ಡಾಕ್ಟರು ಬೇಡ ಅಂದಿದ್ದಾರೆ ಅಮ್ಮ. ನಿಮಗೂ, ನನಗೂ."

"ಹರಳು ಹಾಕು. ದೇವರು ಪಥ್ಯದಲ್ಲಿಲ್ಲ."

ಎಷ್ಟೋ ದಿನಗಳ ನಂತರ ನಾವು ಮೂವರೂ ನಕ್ಕೆವು. ನೈವೇದ್ಯ ಇಟ್ಟೆ. ಎಲೆ ಹಾಕಿದೆ, ಅನ್ನ ಬಡಿಸಿದೆ, ಮೇಲೆ ತೊವ್ವೆ, ಒಂದು ಹನಿ ತುಪ್ಪ. ಅಮ್ಮ ಕೈಯಲ್ಲಿ ನೀರು ಹಿಡಿದು ಎಲೆಯ ಸುತ್ತ ಬಿಟ್ಟು ಮೊದಲ ತುತ್ತು ಎತ್ತಿದರು. ನಾನು ಅಷ್ಟು ಗಮನವಿಟ್ಟು ಯಾರ ಊಟವನ್ನೂ ನೋಡಿದವನಲ್ಲ. ನಾಲ್ಕು ತುತ್ತು ಉಂಡು ಸಾಕೆಂದರು. "ಕೈ ರುಚಿ ಹೋಗಿಲ್ಲ ನಿನ್ನದು," ಎಂದರು.

ಅಮ್ಮ ಗೆದ್ದರು ಎಂದುಕೊಂಡೆ. 'ಇನ್ನು ದಿನಾ ಸ್ವಲ್ಪ ಸ್ವಲ್ಪ, ನನಗೆ ಮಾಡಿದ ಹಾಗೆ' ಎಂದು ಸುಮತಿ ಲೆಕ್ಕ ಹಾಕತೊಡಗಿದ್ದಳು. ಮೂರನೆಯ ದಿನ ಅಮ್ಮನಿಗೆ ಕೆಮ್ಮು ಬಂತು. ಜ್ವರ ಹೆಚ್ಚೇನೂ ಇರಲಿಲ್ಲ, ಮೈ ತಣ್ಣಗೇ ಇತ್ತು. ಉಸಿರು ಮಾತ್ರ ಕಿತ್ತುಕೊಂಡು ಬರುತ್ತಿತ್ತು. ಮತ್ತೆ ಮಣಿಪಾಲ. ಅದೇ ಡಾಕ್ಟರು ನೋಡಿದರು. ಎದೆಯಲ್ಲಿ ಕಫ ಕಟ್ಟಿ ಕೀವಾಗಿದೆ, ಇದು ಬಹಳ ದಿನದಿಂದ ಇತ್ತು ಎಂದರು. ಜ್ವರ ಬರುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕು, ಅಮ್ಮನ ಮೈಯಲ್ಲಿ ಅದೂ ಉಳಿದಿರಲಿಲ್ಲ.

ಈಗ ಒಳಗೆ ಮಲಗಿದ್ದು ಅಮ್ಮ, ಹೊರಗೆ ಬೆಂಚಿನ ಮೇಲೆ ನಾನು. ರೋಗಿಯಾಗಿ ಕಾಯುವುದು ಸುಲಭ ಎಂದು ಆಗ ಗೊತ್ತಾಯಿತು. ನೀಲವ್ವ ವಿಷಯ ತಿಳಿದು ಮೇಲಿನ ವಾರ್ಡಿನಿಂದ ಇಳಿದು ಬಂದಳು. ಬೆಂಚಿನ ಮೇಲೆ ಸುಮತಿಯ ಪಕ್ಕ ಕೂತಳು. ಒಳಗೆ ಬಿಟ್ಟಾಗ ಅಮ್ಮ ಮೂಗಿನ ಕೊಳವೆ ಸರಿಸಿ ಕೇಳಿದ್ದು ಒಂದೇ: "ನೀನು ಉಂಡೆಯಾ? ಬೇಳೆ ಹಾಕಿಕೊಂಡೆಯಾ?" ಹಾಕಿಕೊಂಡೆ ಎಂದೆ. ಮರುದಿನ ಬೆಳಿಗ್ಗೆ ಅಮ್ಮ ಹೋದರು.

ಈಗ ನಾನು ಗಟ್ಟಿಯಾಗಿದ್ದೇನೆ. ಕೊಪ್ಪರಿಗೆ ಇಳಿಸುತ್ತೇನೆ, ಕೂದಲು ಬಂದಿದೆ. ಪಥ್ಯವನ್ನು ನಾನು ಬೈಯುವುದಿಲ್ಲ, ವ್ರತವನ್ನೂ ಬಿಟ್ಟಿಲ್ಲ. ನಾಲ್ಕೂ ತಿಂಗಳು ಹಿಡಿಯುತ್ತೇನೆ, ಒಂದು ಬಿಟ್ಟಾಗ ಇನ್ನೊಂದನ್ನು ಹಿಡಿದುಕೊಂಡು. ನಿಮ್ಮ ಮನೆಯಲ್ಲಿ ಯಾರಾದರೂ ಪಥ್ಯದಲ್ಲಿದ್ದರೆ ಒಂದು ಕೆಲಸ ಮಾಡಿ. ಅವರ ತಟ್ಟೆ ನೋಡುವವರು ಬೇಕಾದಷ್ಟು ಜನ ಇರುತ್ತಾರೆ. ಅವರಿಗೆ ಬಡಿಸುವವರು ಕೊನೆಗೆ ಒಬ್ಬರೇ ಉಣ್ಣಲು ಕೂತಾಗ ಒಳಗೆ ಹೋಗಿ ಅವರ ಎಲೆ ನೋಡಿ.

ಅಮ್ಮ ಹೋದ ಆ ದಿನ ಅವರನ್ನು ಮನೆಯ ಹೊರಗೆ ದರ್ಭೆಯ ಮೇಲೆ ಮಲಗಿಸಿದ್ದರು. ಹೊರಡುವ ಮೊದಲು ಮಗ ನಮಸ್ಕಾರ ಮಾಡಬೇಕು ಎಂದರು ಪುರೋಹಿತರು. ಬಗ್ಗಿ ಪಾದ ಹಿಡಿದೆ, ಎದ್ದೆ. ಎರಡೂ ಪಾದದ ಮೇಲೆ ನನ್ನ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಸುಮತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಜನ ಹೊತ್ತಾಯಿತು ಎನ್ನುತ್ತಿದ್ದರು. ನಾವಿಬ್ಬರೂ ವಾರ್ಡಿನ ಅಭ್ಯಾಸದಲ್ಲಿ, ಅದು ತುಂಬಲಿ ಎಂದು ಕಾಯುತ್ತ ನಿಂತಿದ್ದೆವು.